ಮೂವತ್ತು ಕಿಲೋದ ಕಲ್ಲು ಮತ್ತು ನಮ್ಮ ಪಿ.ಟಿ.ಎ.

ನಿಮ್ಮ ಶಾಲೆಯಲ್ಲಿ ಈ ವರ್ಷ ಏನಾದರೂ ಕಟ್ಟಡದ ಕೆಲಸ ನಡೆಯುತ್ತಾ ಉಂಟಾ? ಹೊಸ ಕ್ಲಾಸ್‌ರೂಮ್, ಅಡುಗೆಕೋಣೆ, ಶೌಚಾಲಯ, ಕಾಂಪೌಂಡ್ ಗೋಡೆ, ಇವುಗಳಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ. ಇದ್ದರೆ ಒಂದು ದಿನ ಇಂಟರ್‌ವಲ್ಲಿಗೆ ಹೋಗಿ ಅಲ್ಲಿ ಹತ್ತು ನಿಮಿಷ ನಿಂತುಕೊಳ್ಳಿ. ಎಷ್ಟು ಕಲ್ಲು ಕಟ್ಟಿದರು ಎಂದು ನೋಡುವುದು ಬೇಡ, ಅದನ್ನು ಗುತ್ತಿಗೆದಾರರೇ ನೋಡಿಕೊಳ್ಳುತ್ತಾರೆ. ಒಬ್ಬ ಆಳು ಆ ಹತ್ತು ನಿಮಿಷದಲ್ಲಿ ಎಷ್ಟು ಸಲ ಸೊಂಟ ಬಗ್ಗಿಸಿದ, ನೆಲದಿಂದ ಎಷ್ಟು ಸಲ ಎತ್ತಿದ, ಎಷ್ಟು ಸಲ ಹೆಗಲಿನಿಂದ ಮೇಲೆ ಕೈ ಹೋಯಿತು ಎಂದು ಎಣಿಸಿ. ಆಮೇಲೆ ಅದನ್ನು ಎಂಟು ಗಂಟೆಗೆ ಗುಣಿಸಿ.

ಈ ಎಣಿಕೆ ನಮ್ಮ ಸುದ್ದಿಪತ್ರದಲ್ಲಿ ಎಂತಕ್ಕೆ ಎಂದು ಕೇಳಬಹುದು. ಒಂದು, ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಬೆಂಚುಗಳಲ್ಲಿ ಕುಳಿತವರಲ್ಲಿ ಮೇಸ್ತ್ರಿಗಳ, ಸಾರಣೆಯವರ, ಕಲ್ಲುಕೋರೆಯವರ, ಬಾಂಡ್ಲಿ ಹೊರುವ ಅಮ್ಮಂದಿರ ಮಕ್ಕಳು ಬಹಳ. ಎರಡು, ಇದರ ಹಿಂದಿರುವುದು ನಾವು ಏಳನೆಯ ತರಗತಿಯಲ್ಲೇ ಬೋರ್ಡಿನ ಮೇಲೆ ಬಿಡಿಸುವ ಸನ್ನೆಯ ಪಾಠ. ಮೂರನೆಯದನ್ನು ಕೊನೆಗೆ ಹೇಳುತ್ತೇನೆ, ಅದು ಸ್ವಲ್ಪ ಚುಚ್ಚುವಂಥದ್ದು.

ಮೊದಲು ಕಲ್ಲು. ಕಾಸರಗೋಡಿನ ಕಡೆ ಮನೆ, ಶಾಲೆ, ಬಾವಿಕಟ್ಟೆ ಎಲ್ಲ ಮುರಕಲ್ಲಿನದ್ದೇ. (1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದೇ ಕೇರಳದ ಅಂಗಾಡಿಪುರದಲ್ಲಿ. ಮಕ್ಕಳಿಗೆ ಇದನ್ನು ಹೇಳಿ, ಖುಷಿ ಪಡುತ್ತಾರೆ.) 39 ಸೆಂಟಿಮೀಟರ್ ಉದ್ದ, 19 ಅಗಲ, 19 ಎತ್ತರದ ಒಂದು ಕಲ್ಲನ್ನು ತೆಗೆದುಕೊಳ್ಳೋಣ. ಗಾತ್ರ ಸುಮಾರು 14 ಲೀಟರ್. ಮುರಕಲ್ಲಿನ ಸಾಂದ್ರತೆ ಲೀಟರಿಗೆ ಎರಡರಿಂದ ಎರಡೂವರೆ ಕಿಲೋ ಎಂದರೆ ತೂಕ 28ರಿಂದ 35 ಕಿಲೋ. ಲೆಕ್ಕಕ್ಕೆ 30 ಇಟ್ಟುಕೊಳ್ಳೋಣ. ಅಕ್ಕಲಕೋಟೆ, ಜತ್ತದ ಕಡೆಯವರು ಇಟ್ಟಿಗೆ ಅಥವಾ ಕರಿಕಲ್ಲು, ಹೊಸೂರಿನವರು ಹಾಲೋ ಬ್ಲಾಕ್ ಹಾಕಿಕೊಂಡು ಲೆಕ್ಕ ಮಾಡಬಹುದು, ದಾರಿ ಒಂದೇ.

ನೆಲದ ಮೇಲಿರುವ ಆ ಕಲ್ಲನ್ನು ಬಗ್ಗಿ ಎತ್ತುವಾಗ ಸೊಂಟದ ಕೊನೆಯ ಮಣಿಯೇ ಆಧಾರಬಿಂದು. ಕಲ್ಲು ಅಲ್ಲಿಂದ ಸುಮಾರು 40 ಸೆಂಟಿಮೀಟರ್ ಮುಂದೆ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕಾದ ಬೆನ್ನಿನ ಸ್ನಾಯು ಆ ಮಣಿಗಿಂತ ಕೇವಲ 5 ಸೆಂಟಿಮೀಟರ್ ಹಿಂದೆ. 40ನ್ನು 5ರಿಂದ ಭಾಗಿಸಿದರೆ 8. ಅಂದರೆ 30 ಕಿಲೋದ ಕಲ್ಲಿಗೆ ಸ್ನಾಯು 240 ಕಿಲೋದಷ್ಟು ಎಳೆಯಬೇಕು. ಇಷ್ಟಕ್ಕೇ ಮುಗಿಯುವುದಿಲ್ಲ. ಬಗ್ಗಿದ ಮನುಷ್ಯನ ತಲೆ, ಎದೆ, ತೋಳುಗಳೂ ಒಂದು ಹೊರೆಯೇ ತಾನೆ? 60 ಕಿಲೋದ ಆಳಿನಲ್ಲಿ ಸೊಂಟದ ಮೇಲಿನದ್ದು ಹೆಚ್ಚುಕಡಿಮೆ 36 ಕಿಲೋ, ಅದರ ಗುರುತ್ವಕೇಂದ್ರ 25 ಸೆಂಟಿಮೀಟರ್ ಮುಂದೆ. ಅದಕ್ಕೆ ಇನ್ನೊಂದು 180. ಒಟ್ಟು 420 ಕಿಲೋ! ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಶ್, ಸೊಂಟದ ಡಿಸ್ಕಿನ ಮೇಲಿನ ಒತ್ತಡ 3400 ನ್ಯೂಟನ್, ಅಂದರೆ ಸುಮಾರು 350 ಕಿಲೋ, ದಾಟಿದರೆ ಪೆಟ್ಟಾಗುವ ಸಂಭವ ಹೆಚ್ಚು ಎಂದು ಗೆರೆ ಎಳೆದಿದೆ. ನಾವು ಹಾಕಿದ್ದು ಸರಳ ಲೆಕ್ಕ, ನಿಜವಾದ ಬೆನ್ನು ಇದಕ್ಕಿಂತ ಜಟಿಲ. ಆದರೆ ಒಂದೇ ಕಲ್ಲಿಗೆ ಗೆರೆ ದಾಟಿದ್ದಂತೂ ಕಾಣುತ್ತದೆ.

ಈಗ ಅದೇ ಕಲ್ಲನ್ನು ಸೊಂಟದ ಎತ್ತರದ ಒಂದು ಅಟ್ಟೆಯ ಮೇಲೆ ಇಡಿ. ಆಳು ನೆಟ್ಟಗೆ ನಿಂತು ಮೈಗೆ ಒತ್ತಿಕೊಂಡು ಎತ್ತುತ್ತಾನೆ. ಕಲ್ಲಿನ ದೂರ 20 ಸೆಂಟಿಮೀಟರಿಗೆ ಇಳಿಯಿತು, ಮೈಯ ಗುರುತ್ವಕೇಂದ್ರದ ದೂರ 5ಕ್ಕೆ. 120 ಮತ್ತು 36, ಒಟ್ಟು 156. ಕಲ್ಲಿನ ತೂಕ ಒಂದು ಗ್ರಾಮೂ ಕಡಿಮೆಯಾಗಲಿಲ್ಲ. ಆಳಿಗೆ ಉಪದೇಶ ಮಾಡಲಿಲ್ಲ. ಬದಲಾದದ್ದು ಕಲ್ಲು ಇಟ್ಟ ಜಾಗ ಮಾತ್ರ.

ಇದು ಹೊಸ ವಿಷಯ ಅಂತ ತಿಳಿಯಬೇಡಿ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಗಾರೆ ಕೆಲಸದಿಂದಲೇ ಮೇಲೆ ಬಂದ ಮನುಷ್ಯ. ಇಟ್ಟಿಗೆ ಕಟ್ಟುವವರು ಪ್ರತಿ ಇಟ್ಟಿಗೆಗೂ ಕಾಲ ಬುಡಕ್ಕೆ ಬಗ್ಗುವುದನ್ನು ನೋಡಿ, ಗೋಡೆಯೊಟ್ಟಿಗೆ ಏರಿಸಬಹುದಾದ ಅಟ್ಟಣಿಗೆಯನ್ನು ಮಾಡಿದ, ಅದರಲ್ಲಿ ಇಟ್ಟಿಗೆಗೂ ಗಾರೆಗೂ ಕೈಗೆ ಸಿಗುವ ಎತ್ತರದ ಮೇಜು ಇಟ್ಟ. ಅವನ ಇಟ್ಟಿಗೆ ಕಟ್ಟುವ ಪದ್ಧತಿಯ ಪುಸ್ತಕ ಬಂದದ್ದು 1909ರಲ್ಲಿ. ಒಂದು ಇಟ್ಟಿಗೆಗೆ 18 ಚಲನೆಗಳಿದ್ದದ್ದು 5ಕ್ಕೆ ಇಳಿಯಿತು. ಗಂಟೆಗೆ 120 ಇಟ್ಟಿಗೆ ಕಟ್ಟುತ್ತಿದ್ದವರು 350 ಕಟ್ಟಿದರು ಎಂದು ಟೇಲರ್ 1911ರಲ್ಲಿ ಬರೆದಿದ್ದಾನೆ. ಸೊಲ್ಲಾಪುರದ ಕಡೆಯ ಅಧ್ಯಾಪಕರು ಇದನ್ನು ಕೆಲಸ ಮತ್ತು ಶಕ್ತಿಯ ಪಾಠಕ್ಕೆ ಹಾಕಿಕೊಳ್ಳಿ. 3 ಕಿಲೋದ ಇಟ್ಟಿಗೆಯನ್ನು ಒಂದು ಮೀಟರ್ ಎತ್ತಲು ಸುಮಾರು 30 ಜೂಲ್ ಸಾಕು. ಆದರೆ ಬಗ್ಗಿದ 36 ಕಿಲೋ ಮೈಯನ್ನು 40 ಸೆಂಟಿಮೀಟರ್ ಮೇಲಕ್ಕೆ ತರಲು 140 ಜೂಲ್ ಬೇಕು. ಇಟ್ಟಿಗೆ ಎತ್ತುತ್ತೇನೆ ಎಂದುಕೊಂಡವನು ಹೆಚ್ಚಿನ ಹೊತ್ತು ತನ್ನನ್ನೇ ಎತ್ತಿಕೊಳ್ಳುತ್ತಿರುತ್ತಾನೆ.

ಇಷ್ಟು ಹಳೆಯ, ಇಷ್ಟು ಸುಲಭದ ವಿಷಯ ನೂರು ವರ್ಷ ಕಳೆದರೂ ನಮ್ಮ ಊರಿನ ಕೆಲಸದ ಜಾಗಕ್ಕೆ ಯಾಕೆ ಬರಲಿಲ್ಲ? ನನಗೆ ಇದೇ ಮುಖ್ಯ ಪ್ರಶ್ನೆ.

ಗುತ್ತಿಗೆದಾರರನ್ನು ಕೇಳಿದರೆ, "ಅದೆಲ್ಲ ದೊಡ್ಡ ಕಂಪೆನಿಯವರಿಗೆ ಮಾಷ್ಟ್ರೇ, ನಮ್ಮ ಆಳುಗಳು ಉಪಯೋಗಿಸುದಿಲ್ಲ" ಎನ್ನುತ್ತಾರೆ. ಆಳುಗಳನ್ನು ಕೇಳಿದರೆ, "ಧಣಿಗಳು ತಂದುಕೊಟ್ಟರಲ್ವಾ ಉಪಯೋಗಿಸುದು" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ, ಯಾರನ್ನೂ ಸುಳ್ಳುಗಾರ ಮಾಡುವುದು ಬೇಡ. ಗುತ್ತಿಗೆದಾರರ ಲೆಕ್ಕ ಹೀಗೆ: ಕೈಗಾಡಿಗೆ ದುಡ್ಡು ಹಾಕುವವ ತಾನು, ಉಳಿಯುವ ಬೆನ್ನು ಬೇರೆಯವನದ್ದು. ಇವತ್ತು ಇಲ್ಲಿ ಕೆಲಸ ಮಾಡುವವ ಮುಂದಿನ ತಿಂಗಳು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಇರುತ್ತಾನೆ, ಬಂಗಾಳದಿಂದಲೋ ಅಸ್ಸಾಮಿನಿಂದಲೋ ಬಂದವನಾದರೆ ಊರಿಗೇ ಹೋಗಿರುತ್ತಾನೆ. ಡಿಸ್ಕ್ ಹೋಗುವುದು ಹತ್ತು ಹದಿನೈದು ವರ್ಷ ಕಳೆದು. ಆಗ ಆ ಆಸ್ಪತ್ರೆಯ ಚೀಟಿ ಬರುವುದು ಯಾವ ಗುತ್ತಿಗೆದಾರರ ಮನೆಗೂ ಅಲ್ಲ, ಅವನ ಹೆಂಡತಿ ಮಕ್ಕಳ ಕೈಗೆ. ನಮ್ಮ ಕ್ಲಾಸಿನಲ್ಲಿ ಎಂಟನೆಯಲ್ಲಿ ಚುರುಕಾಗಿದ್ದ ಹುಡುಗ ಒಂಬತ್ತರಲ್ಲಿ ವಾರಕ್ಕೆ ಎರಡು ದಿನ ಬರುವುದಿಲ್ಲ, ಕೇಳಿದರೆ "ಅಪ್ಪನಿಗೆ ಸೊಂಟ" ಎನ್ನುತ್ತಾನೆ. ಆ ಚೀಟಿಯ ಒಂದು ಪಾಲು ಹಾಜರಿ ಪುಸ್ತಕದಲ್ಲೂ ಇರುತ್ತದೆ.

ಆಳಿನ ಲೆಕ್ಕ ಬೇರೆ. ಕಲ್ಲಿಗೆ ಇಷ್ಟು ಎಂದು ಕೂಲಿ ಮಾತಾಡಿದ್ದರೆ, ಹೊಸ ಸಾಮಾನು ಕೈಗೆ ಒಗ್ಗುವ ಮೊದಲ ವಾರ ಕಲ್ಲು ಕಡಿಮೆ ಬೀಳುತ್ತದೆ, ದುಡ್ಡೂ ಕಡಿಮೆ. ಯಾರಾದರೂ ಒಪ್ಪುತ್ತಾರಾ? ಜತೆಗೆ ಮರ್ಯಾದೆಯ ಪ್ರಶ್ನೆ ಉಂಟು. 50 ಕಿಲೋದ ಸಿಮೆಂಟು ಚೀಲವನ್ನು ಒಂದೇ ಕೈಯಲ್ಲಿ ಹೆಗಲಿಗೆ ಹಾಕುವವನಿಗೆ ಗಾಡಿ ತಳ್ಳು ಎಂದರೆ ಉಳಿದವರು ನಗುತ್ತಾರೆ. ಇದಕ್ಕಿಂತ ದೊಡ್ಡದು ಭಯ. ಕಾಂಕ್ರೀಟು ಹಾಕುವ ದಿನ ಹಿಂದೆ ಇಪ್ಪತ್ತು ಹೆಂಗಸರು ಸಾಲಾಗಿ ನಿಂತು ಬಾಂಡ್ಲಿ ದಾಟಿಸುತ್ತಿದ್ದರು. ಲಿಫ್ಟ್ ಇರುವ ಮಿಕ್ಸರ್ ಬಂತು, ಆ ಸಾಲು ಮನೆಗೆ ಹೋಯಿತು. ಯಂತ್ರ ಬಂದದ್ದು ಅವರ ಕುತ್ತಿಗೆ ಉಳಿಸಲಿಕ್ಕೆ ಎಂದು ಯಾರೂ ಅವರಿಗೆ ಹೇಳಲಿಲ್ಲ, ಹೇಳಿದ್ದರೂ ಅವರು ನಂಬುತ್ತಿರಲಿಲ್ಲ. ಕೇರಳ ಕಟ್ಟಡ ಕಾರ್ಮಿಕರಿಗೆ ದೇಶದಲ್ಲೇ ಅತಿ ಹೆಚ್ಚು ದಿನಗೂಲಿ ಸಿಗುವ ರಾಜ್ಯ ಎಂದು ರಿಸರ್ವ್ ಬ್ಯಾಂಕಿನ ಅಂಕಿಗಳು ಹೇಳುತ್ತವೆ. ಕೂಲಿ ಏರಿದಷ್ಟೂ ಯಜಮಾನರ ಕಣ್ಣು ಆಳು ತಗ್ಗಿಸುವ ಯಂತ್ರದ ಕಡೆ ಹೋಗುತ್ತದೆ, ನೋವು ತಗ್ಗಿಸುವ ಸಾಮಾನಿನ ಕಡೆ ಅಲ್ಲ. ನೋಕುಕೂಲಿಯ ಜಗಳದಲ್ಲಿಯೂ ಎರಡೂ ಕಡೆಯವರು ದುಡ್ಡಿನ ವಿಷಯ ಮಾತಾಡಿದ್ದೇ ಹೆಚ್ಚು, ಭಾರದ ವಿಷಯ ಅದರಡಿಯಲ್ಲಿ ಮುಚ್ಚಿಹೋಯಿತು ಎಂದು ನನಗೆ ಅನಿಸುತ್ತದೆ.

ತಲೆಹೊರೆಯ ಬಗ್ಗೆ ನ್ಯಾಯವಾಗಿ ಒಂದು ಮಾತು. ಅದನ್ನು ಅಜ್ಞಾನ ಎಂದು ತಳ್ಳಿಹಾಕುವವರು ಇದ್ದಾರೆ. 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಪೂರ್ವ ಆಫ್ರಿಕದ ಲುಓ ಮತ್ತು ಕಿಕುಯು ಹೆಂಗಸರನ್ನು ಪರೀಕ್ಷಿಸಿತು. ತಮ್ಮ ಮೈತೂಕದ ಐದನೇ ಒಂದು ಪಾಲಿನವರೆಗೆ ಹೊರೆ ಹೊತ್ತರೂ ಅವರಿಗೆ ಹೆಚ್ಚಿನ ಶಕ್ತಿ ಖರ್ಚಾಗಲಿಲ್ಲ. ಸಿಂಬೆ ಇಟ್ಟು ಕೊಡ ಹೊತ್ತು ನಡೆಯುವ ನಮ್ಮ ಅಜ್ಜಿಯಂದಿರ ನಡಿಗೆಯಲ್ಲಿ ವಿದ್ಯೆ ಇತ್ತು. ಆದರೆ ಗಮನಿಸಿ, 50 ಕಿಲೋದ ಹೆಂಗಸಿಗೆ ಐದನೇ ಒಂದು ಪಾಲು ಎಂದರೆ 10 ಕಿಲೋ. ಹಸಿ ಕಾಂಕ್ರೀಟು ಲೀಟರಿಗೆ 2.4 ಕಿಲೋ ತೂಗುತ್ತದೆ, 10 ಲೀಟರ್ ಹಿಡಿಯುವ ಬಾಂಡ್ಲಿ ತುಂಬಿದರೆ 24 ಕಿಲೋ. ಮೇಲಾಗಿ ಆ ಅಧ್ಯಯನ ಅಳೆದದ್ದು ಸಮತಟ್ಟಿನ ನಡಿಗೆಯ ಶಕ್ತಿಯನ್ನು, ಏಣಿ ಹತ್ತುವ ಕುತ್ತಿಗೆಯನ್ನಲ್ಲ.

ಹಾಗಾದರೆ ಕಾನೂನು? ಕಟ್ಟಡ ಕಾರ್ಮಿಕರ 1996ರ ಕಾಯಿದೆಯಡಿ 1998ರಲ್ಲಿ ಬಂದ ಕೇಂದ್ರ ನಿಯಮಗಳು ಗಂಡಸಿಗೆ 55 ಕಿಲೋ, ಹೆಂಗಸಿಗೆ 30 ಕಿಲೋ ಎಂದು ಮಿತಿ ಹಾಕಿದವು. ಕೇರಳ ಹೊರೆ ಕಾರ್ಮಿಕರಿಗೆ ಇದ್ದ 75 ಕಿಲೋದ ಮಿತಿಯನ್ನು 2021ರಲ್ಲಿ 55ಕ್ಕೆ ಇಳಿಸಿತು, ಹೆಂಗಸರಿಗೆ 35. ಇಳಿದದ್ದು ಒಳ್ಳೆಯದೇ. ಆದರೆ ನಮ್ಮ 50 ಕಿಲೋದ ಸಿಮೆಂಟು ಚೀಲ ಆ 55ರ ಒಳಗೆ ಹಾಯಾಗಿ ಕುಳಿತಿದೆ. ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಎಲ್ಲವೂ ಅನುಕೂಲವಾಗಿದ್ದಾಗಲೂ ಎತ್ತಬಹುದಾದ ಭಾರ 23 ಕಿಲೋ. 20 ಕಿಲೋಗಿಂತ ಭಾರದ ಬ್ಲಾಕನ್ನು ಒಬ್ಬನೇ ಮತ್ತೆ ಮತ್ತೆ ಎತ್ತಿ ಕಟ್ಟುವುದು ಅಪಾಯ ಎಂದು ಬ್ರಿಟನ್ನಿನ ಸುರಕ್ಷತಾ ಇಲಾಖೆ ಹೇಳುತ್ತದೆ, ಅಲ್ಲಿ ಸಿಮೆಂಟು ಚೀಲವೂ 25 ಕಿಲೋದ್ದು. ಅರ್ಧ ತೂಕದ ಚೀಲ ಬಂದರೆ ಯಾರನ್ನೂ ಒಪ್ಪಿಸುವ ಕಷ್ಟವೇ ಇಲ್ಲ. ಚೀಲ ಚಿಕ್ಕದಾಗಿ ಬರುತ್ತದೆ, ಎತ್ತುತ್ತಾರೆ, ಅಷ್ಟೆ. ಹಾಗಾಗಿಯೇ ಉಪಕರಣ ಹಂಚುವ ಕಾರ್ಯಕ್ರಮಗಳಿಗಿಂತ ಸಾಮಾನಿನ ತೂಕ, ಇಡುವ ಎತ್ತರ ಇವುಗಳನ್ನು ಬದಲಿಸುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. "ಬೆನ್ನು ನೆಟ್ಟಗಿಡಿ, ಮಂಡಿ ಮಡಚಿ ಎತ್ತಿ" ಎಂಬ ಪೋಸ್ಟರನ್ನು ನೀವು ಕಂಡಿರಬಹುದು. 2011ರ ಕಾಕ್ರೇನ್ ವಿಮರ್ಶೆ ಇಂಥ ತರಬೇತಿಗಳ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, ಅದರಿಂದ ಬೆನ್ನುನೋವು ತಪ್ಪಿದ್ದು ಕಾಣಲಿಲ್ಲ. ತರಬೇತಿಯ ಜತೆಗೆ ಉಪಕರಣ ಕೊಟ್ಟಾಗಲೂ ಅಷ್ಟೇ. ವಿಜ್ಞಾನದ ಅಧ್ಯಾಪಕರಾದ ನಾವು ಇದನ್ನು ಮುಚ್ಚಿಡಬಾರದು. ನನಗೆ ತೋರುವ ಅರ್ಥ ಇಷ್ಟು: ಹೊರೆ, ಎತ್ತರ, ಕೂಲಿಯ ಲೆಕ್ಕ ಎಲ್ಲವನ್ನೂ ಹಾಗೆಯೇ ಬಿಟ್ಟು ಆಳಿನ ಕೈಗೆ ಒಂದು ಸಾಮಾನು, ಕಿವಿಗೆ ಒಂದು ಭಾಷಣ ಕೊಟ್ಟರೆ ಏನೂ ಆಗುವುದಿಲ್ಲ. ಯಜಮಾನರು ಮೊದಲು ಖರೀದಿಸುವುದು ಮೆಡಿಕಲ್ ಶಾಪಿನ ಸೊಂಟಪಟ್ಟಿಯನ್ನು. ನೋವಿಲ್ಲದವರಿಗೆ ಅದನ್ನು ಕಟ್ಟಿಸುವುದರಿಂದ ಪೆಟ್ಟು ತಪ್ಪುತ್ತದೆ ಎನ್ನಲು ಆಧಾರ ಸಾಲದು ಎಂದು ನಿಯೋಶ್ 1994ರಲ್ಲೇ ಹೇಳಿಯಾಗಿದೆ. ಪಟ್ಟಿ ಸುಲಭ, ಯಾಕೆಂದರೆ ಅದು ಕೆಲಸದ ಕ್ರಮವನ್ನು ಮುಟ್ಟುವುದಿಲ್ಲ.

ಯಜಮಾನರು ಒಪ್ಪಿದ್ದು ಹೇಗೆ ಎಂಬುದಕ್ಕೆ ಹೊಲದ ಕೆಲಸದಿಂದ ಒಂದು ಉದಾಹರಣೆ ಕೊಡುತ್ತೇನೆ. ಕ್ಯಾಲಿಫೋರ್ನಿಯದ ತರಕಾರಿ ಹೊಲಗಳಲ್ಲಿ ಗಿಡ್ಡ ಹಿಡಿಯ ಗುದ್ದಲಿಯಿಂದಲೇ ಕಳೆ ತೆಗೆಸುತ್ತಿದ್ದರು, ದಿನವಿಡೀ ಬಗ್ಗಿಯೇ ಕೆಲಸ. ಉದ್ದ ಹಿಡಿ ಕೊಟ್ಟರೆ ಸಸಿ ಹಾಳಾಗುತ್ತದೆ ಎನ್ನುವುದು ಬೆಳೆಗಾರರ ವಾದ. ಕೆಲಸಗಾರರು ವಕೀಲರ ಮೂಲಕ ಮೊಕದ್ದಮೆ ಹೂಡಿದರು, ವೈದ್ಯರು ಸಾಕ್ಷಿ ನುಡಿದರು, 1975ರಲ್ಲಿ ಆ ಗುದ್ದಲಿ ನಿಷೇಧವಾಯಿತು. ಉದ್ದ ಹಿಡಿಯಲ್ಲಿಯೂ ತರಕಾರಿ ಬೆಳೆಯಿತು. ಇಲ್ಲಿ ಯಾವ ಕೆಲಸಗಾರನೂ ಕೆಲಸ ಕಳಕೊಳ್ಳಲಿಲ್ಲ ಎಂಬುದನ್ನು ನೋಡಿ. ಸಾಮಾನು ಬದಲಾಯಿತು, ಆಳು ಅವನೇ. ಲಿಫ್ಟ್ ಮಿಕ್ಸರಿಗೂ ಉದ್ದ ಹಿಡಿಗೂ ಇರುವ ಈ ವ್ಯತ್ಯಾಸವನ್ನು ಕಾರ್ಮಿಕ ಸಂಘಗಳೂ ಸ್ಪಷ್ಟವಾಗಿ ಮಾತಾಡಬೇಕು. ಗಿಲ್‌ಬ್ರೆತ್‌ನ 350 ಇಟ್ಟಿಗೆಯ ಕಥೆಯಲ್ಲಿ ನನಗೆ ಇಷ್ಟವಾಗದ ಭಾಗವೂ ಇದೇ. ಬಗ್ಗುವುದನ್ನು ಉಳಿಸಿ, ಉಳಿದ ಶಕ್ತಿಯನ್ನೆಲ್ಲ ವೇಗಕ್ಕೆ ಹಿಂಡಿಕೊಂಡರೆ ಮಣಿಕಟ್ಟು, ಹೆಗಲು ಹೋಗುತ್ತದೆ.

ಮೂರನೆಯ ಕಾರಣವನ್ನು ಕೊನೆಗೆ ಹೇಳುತ್ತೇನೆ ಎಂದಿದ್ದೆ. ನಾವು ಗುತ್ತಿಗೆದಾರರ ಕಡೆ, ಸರಕಾರದ ಕಡೆ ಕೈ ತೋರಿಸುತ್ತೇವೆ. ಆದರೆ ಮಾರಾಯ್ರೇ, ಯಜಮಾನರು ಯಾರು? ಪಿ.ಟಿ.ಎ. ದುಡ್ಡಿನಲ್ಲಿ ಕಾಂಪೌಂಡ್ ಕಟ್ಟಿಸುವಾಗ ಯಜಮಾನರು ನಾವು. ಮನೆಸಾಲ ತೆಗೆದು ಮನೆ ಕಟ್ಟಿಸುವಾಗ ಯಜಮಾನರು ನಾವು. ಅಧ್ಯಾಪಕರ ಸಂಬಳದಲ್ಲಿ ಏಳುವ ಮನೆಗಳು ನಮ್ಮ ಊರುಗಳಲ್ಲಿ ಕಡಿಮೆಯೇನಲ್ಲ. ಟೈಲಿನ ಬಣ್ಣಕ್ಕೆ ನಾಲ್ಕು ಅಂಗಡಿ ತಿರುಗುವವರು, ಕಲ್ಲು ಎಲ್ಲಿ ಇಳಿಸಬೇಕು ಎಂದು ಲಾರಿಯವರಿಗೆ ಹೇಳುವುದಿಲ್ಲ. ಅವರು ಗೇಟಿನ ಹತ್ತಿರ ರಾಶಿ ಹಾಕಿ ಹೋಗುತ್ತಾರೆ. ಒಂದು ಕಲ್ಲು ಗೋಡೆ ಸೇರುವ ಮೊದಲು ಮೂರು ಸಲ ನೆಲದಿಂದ ಎದ್ದಿರುತ್ತದೆ.

ಮುಂದಿನ ಸಲ ಶಾಲೆಯ ಕೆಲಸಕ್ಕೆ ಕೊಟೇಶನ್ ಕರೆಯುವಾಗ ಕೆಲವು ವಾಕ್ಯ ಸೇರಿಸಬಹುದು. ಕಲ್ಲನ್ನು ಗೋಡೆಯ ಹತ್ತಿರವೇ, ನೆಲದಿಂದ ಎತ್ತರಿಸಿ ಪೇರಿಸಬೇಕು. ಅದಕ್ಕೆ ಬೇರೇನೂ ಬೇಡ, ಒಡೆದ ಕಲ್ಲುಗಳನ್ನೇ ಎರಡು ವರಸೆ ಇಟ್ಟು ಮೇಲೆ ಹಲಗೆ ಹಾಕಿದರಾಯಿತು. ಗೋಡೆ ಏರಿದ ಹಾಗೆ ಅಟ್ಟಣಿಗೆ ಏರಬೇಕು, ಗಾರೆಯ ಬಾಂಡ್ಲಿಗೆ ಸೊಂಟದ ಎತ್ತರದ ಸ್ಟ್ಯಾಂಡು ಇರಬೇಕು. ಕೈಗಾಡಿ ಹೋಗಲು ಹಲಗೆಯ ದಾರಿ ಮಾಡಿಕೊಡಬೇಕು. ಗಾಡಿ ತಂದುಕೊಟ್ಟೂ ಅದು ಮೂಲೆಯಲ್ಲಿ ಬಿದ್ದಿರುವುದು ಹೆಚ್ಚಾಗಿ ಈ ದಾರಿಯಿಲ್ಲದೆ, ಚಕ್ರ ಹೊಯಿಗೆಯಲ್ಲಿ ಹೂತುಹೋದರೆ ತಲೆಯ ಮೇಲೆ ಹೊರುವುದೇ ಸುಲಭ ಅಲ್ವಾ? ಬಾಂಡ್ಲಿ ಚಿಕ್ಕದಿರಲಿ. ದೊಡ್ಡದು ಕೊಟ್ಟು ಅರ್ಧ ತುಂಬಿಸಿ ಎಂದರೆ ನಡೆಯುವುದಿಲ್ಲ, ತುಂಬಿಸಿಯೇ ತುಂಬಿಸುತ್ತಾರೆ. ಟೈಲಿನವರಿಗೆ ಮಂಡಿಗೆ ಕಟ್ಟುವ ಪ್ಯಾಡ್. ಹೊಸ ಸಾಮಾನಿಗೆ ಒಗ್ಗುವ ಮೊದಲ ವಾರ ಕಲ್ಲಿನ ಲೆಕ್ಕ ಬಿಟ್ಟು ದಿನಗೂಲಿ.

ಯಾವ ಗಾಡಿ, ಎಷ್ಟು ಎತ್ತರದ ಸ್ಟ್ಯಾಂಡು ಎಂಬುದನ್ನು ಮೇಸ್ತ್ರಿಯನ್ನೂ ಹೆಂಗಸರನ್ನೂ ಕೂರಿಸಿಕೊಂಡು ಕೇಳಿಯೇ ತೀರ್ಮಾನಿಸಿ. ನಾವು ಪುಸ್ತಕ ನೋಡಿ ತಂದದ್ದು ಐದು ಅಡಿಯ ಹೆಂಗಸಿನ ಎದೆಗೆ ಬರುತ್ತದೆ, ಮರುದಿನ ಅದು ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿರುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ತಂದ ದಕ್ಷತಾಶಾಸ್ತ್ರದ ಕೈಪಿಡಿಯೂ ನಿಯೋಶ್ 2007ರಲ್ಲಿ ಕಟ್ಟಡದವರಿಗಾಗಿಯೇ ತಂದ ಸರಳ ಪುಸ್ತಕವೂ ಚಿತ್ರಗಳಿಂದ ತುಂಬಿವೆ, ಓದಲು ಬಾರದವರ ಎದುರಿಗೂ ಬಿಡಿಸಿಡಬಹುದು.

ಖರ್ಚಿನ ಮಾತು ಬರುತ್ತದೆ. ಒಂದು ಕೈಗಾಡಿಯ ಬೆಲೆ ಹೆಚ್ಚುಕಡಿಮೆ ಒಬ್ಬ ಮೇಸ್ತ್ರಿಯ ನಾಲ್ಕೈದು ದಿನದ ಕೂಲಿ. ಅದನ್ನೂ ಪ್ರತಿಯೊಬ್ಬರೂ ಖರೀದಿಸಬೇಕೆಂದಿಲ್ಲ. ಕಟ್ಟಡ ವೆಚ್ಚದ ಮೇಲೆ ಶೇಕಡಾ 1ರಂತೆ ಕಾರ್ಮಿಕರ ಕಲ್ಯಾಣಕ್ಕೆಂದು ಸೆಸ್ ವಸೂಲಿ ಆಗುತ್ತದೆ. ಅದರಲ್ಲಿ ಪ್ರತಿ ಪಂಚಾಯತಿಗೆ ಹತ್ತು ಗಾಡಿ, ಹತ್ತು ಸ್ಟ್ಯಾಂಡು, ರಾಟೆ ಹಗ್ಗ ಇಟ್ಟು ಲೈಬ್ರೆರಿ ಪುಸ್ತಕದಂತೆ ಎರವಲು ಕೊಡಲಿ ಎಂದು ಗ್ರಾಮಸಭೆಯಲ್ಲಿ ಕೇಳಲು ನಮಗೇನು ಅಡ್ಡಿ?

ಈ ವರ್ಷದ ಶಾಸ್ತ್ರೋತ್ಸವಕ್ಕೆ ಜ್ವಾಲಾಮುಖಿಯ ಮಾದರಿ ಬಿಟ್ಟು ಇದನ್ನೇ ತನ್ನಿ ಎನ್ನುತ್ತೇನೆ. ಮಕ್ಕಳು ತಮ್ಮ ಊರಿನ ಕಲ್ಲು, ಇಟ್ಟಿಗೆ, ಬ್ಲಾಕು, ತುಂಬಿದ ಬಾಂಡ್ಲಿ ಇವುಗಳನ್ನು ತೂಗಲಿ, ಎತ್ತುವವರ ಒಪ್ಪಿಗೆ ಕೇಳಿ ಬಗ್ಗುವ ಸಂಖ್ಯೆ ಎಣಿಸಲಿ, ಅಟ್ಟೆ ಇಟ್ಟ ಮೇಲೆ ಮತ್ತೊಮ್ಮೆ ಎಣಿಸಲಿ. ಮಂಜೇಶ್ವರ, ತಾಳವಾಡಿ, ಮಡಕಶಿರಾ, ಜತ್ತ, ಎಲ್ಲಿಯದಾದರೂ ಸರಿ, ಆ ಪಟ್ಟಿಗಳನ್ನು ಸುದ್ದಿಪತ್ರದ ವಿಳಾಸಕ್ಕೆ ಕಳಿಸಿಕೊಡಿ. ಕಲ್ಲಿನ ಅಳತೆ ಸೆಂಟಿಮೀಟರಿನಲ್ಲಿ, ತೂಕ ಕಿಲೋದಲ್ಲಿ, ಎತ್ತಿದ ಎತ್ತರ ನೆಲದಿಂದ ಎಷ್ಟು ಎಂಬುದನ್ನು ಬರೆಯಲು ಮರೆಯಬೇಡಿ.